ಹಳೆ ಕಟ್ಟಡಕ್ಕೆ ಅನುದಾನ ಕೇಳುವಾಗ ಮೊದಲು ನಿರ್ವಹಣೆಗೆ ಕೇಳಿ

ಪಾರಂಪರಿಕ ಕಟ್ಟಡಗಳ ಪರವಾಗಿ ಸರ್ಕಾರದ ಮುಂದೆ ಮನವಿ ಹಿಡಿದು ಹೋಗುವುದು ನನ್ನ ಉದ್ಯೋಗ. ಜನಪ್ರತಿನಿಧಿಗಳು, ಇಲಾಖೆಯ ಅಧಿಕಾರಿಗಳು, ಆರ್ಥಿಕ ಇಲಾಖೆಯಲ್ಲಿ ಕಡತ ನೋಡುವವರು ಒಪ್ಪದೆ ಒಂದು ಹೆಂಚೂ ಬದಲಾಗುವುದಿಲ್ಲ. ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇದು: ಜೀರ್ಣೋದ್ಧಾರಕ್ಕೆಂದು ಒಮ್ಮೆ ದೊಡ್ಡ ಮೊತ್ತ ಕೇಳುವುದಕ್ಕಿಂತ, ವರ್ಷವರ್ಷವೂ ತಪ್ಪದೆ ಬರುವ ಸಣ್ಣ ನಿರ್ವಹಣಾ ಅನುದಾನಕ್ಕೆ ಪಟ್ಟು ಹಿಡಿಯಬೇಕು.

ಜೀರ್ಣೋದ್ಧಾರಕ್ಕೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಗೋಡೆಯ ಮೇಲೆ ಹೆಸರು ಕೆತ್ತಿದ ಕಲ್ಲಿದೆ. ನಿರ್ವಹಣೆಗೆ ಇದ್ಯಾವುದೂ ಇಲ್ಲ. ಹಾಗಾಗಿ ಕೇಳುವವರೂ ಕಡಿಮೆ, ಕೊಡುವವರೂ ಕಡಿಮೆ. ಆದರೆ ಹಳೆ ಕಟ್ಟಡ ಹಾಳಾಗುವ ಬಗೆ ನೋಡಿ. ಮಾಳಿಗೆಯ ನೀರು ಹೊರಗೆ ಹಾಯಿಸುವ ದೋಣಿಯಲ್ಲಿ ಎಲೆ ಕಟ್ಟಿಕೊಳ್ಳುತ್ತದೆ. ದಾರಿ ಸಿಗದ ನೀರು ಗೋಡೆಯೊಳಗೆ ಇಳಿಯುತ್ತದೆ. ತೊಲೆಯ ತುದಿ ಗೋಡೆಯಲ್ಲಿ ಹೂತಿರುತ್ತದಲ್ಲ, ಕೊಳೆಯಲು ಶುರುವಾಗುವುದು ಅಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ. ಕೆಳಗೆ ಗಾರೆಯ ಮೇಲೆ ಕಂದು ಕಲೆ ಕಾಣಿಸುವ ಹೊತ್ತಿಗೆ ಆ ತುದಿ ಬೆರಳಲ್ಲಿ ಒತ್ತಿದರೂ ಪುಡಿಯಾಗುವಷ್ಟು ಸೊರಗಿರುತ್ತದೆ. ಒಬ್ಬರು ಏಣಿ ಹತ್ತಿ ಎಲೆ ತೆಗೆದಿದ್ದರೆ ಸಾಕಿತ್ತು. ಈಗ ಚಾವಣಿಯನ್ನೇ ಬಿಚ್ಚಬೇಕು. ಅಧಿಕಾರಿಗಳ ಮುಂದೆ ನಾನು ಇಡುವುದು ಈ ಲೆಕ್ಕವನ್ನೇ. ನಮ್ಮ ಹೆಮ್ಮೆ, ನಮ್ಮ ಪರಂಪರೆ ಎಂಬ ಮಾತಿಗೆ ಎಲ್ಲರೂ ತಲೆಯಾಡಿಸುತ್ತಾರೆ, ಆದರೆ ಕಡತ ಮುಂದಕ್ಕೆ ಹೋಗುವುದು ಅಂದಾಜು ಪಟ್ಟಿಯ ಬಲದಿಂದ.

ಉದಾಹರಣೆ ಕೇಳಿದರೆ ನೆದರ್ಲೆಂಡ್ಸ್ ಕಡೆ ಕೈ ತೋರಿಸುತ್ತೇನೆ. ಅಲ್ಲಿ 1973ರಲ್ಲಿ ಶುರುವಾದ ಮಾನ್ಯುಮೆಂಟೆನ್‌ವಾಖ್ಟ್ ಎಂಬ ವ್ಯವಸ್ಥೆಯ ತಪಾಸಕರು ಸದಸ್ಯರಾದ ಮಾಲೀಕರ ಕಟ್ಟಡಗಳನ್ನು ನಿಯಮಿತವಾಗಿ ಹತ್ತಿ ಇಳಿದು ನೋಡುತ್ತಾರೆ, ಸಣ್ಣಪುಟ್ಟ ದುರಸ್ತಿಯನ್ನು ಅಲ್ಲೇ ಮುಗಿಸುತ್ತಾರೆ, ಉಳಿದದ್ದಕ್ಕೆ ವರದಿ ಬರೆದು ಕೊಡುತ್ತಾರೆ. ಪ್ರಾಂತೀಯ ಸರ್ಕಾರಗಳ ನೆರವು ಇರುವುದರಿಂದ ಮಾಲೀಕರಿಗೆ ಖರ್ಚು ಹಗುರ. ಹಣ ಎಷ್ಟು ಎನ್ನುವುದಕ್ಕಿಂತ ಅದು ನಿಲ್ಲದೆ ಬರುತ್ತದೆ ಎನ್ನುವುದೇ ಇದರ ಶಕ್ತಿ.

ಹಣ ಬರುವ ಹೊತ್ತೂ ಅಷ್ಟೇ ಮುಖ್ಯ. ಆರ್ಥಿಕ ವರ್ಷದ ಕೊನೆಗೆ ಬಿಡುಗಡೆಯಾದ ಅನುದಾನವನ್ನು ವಾಪಸ್ ಹೋಗುವ ಮುನ್ನ ಖರ್ಚು ಮಾಡಲೇಬೇಕು. ಸುಣ್ಣದ ಗಾರೆಗೆ ಆ ಅವಸರ ಆಗದು. ಅದು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಅಷ್ಟು ದಿನ ತೇವ ಆರದಂತೆ ಕಾಯಬೇಕು. ಅವಸರಕ್ಕೆ ಸಿಗುವುದು ಸಿಮೆಂಟ್. ಮೆದು ಇಟ್ಟಿಗೆಯ ಸಂದಿಗೆ ಸಿಮೆಂಟ್ ತುಂಬಿದರೆ ಗೋಡೆಯ ತೇವ ಸಂದಿಯಿಂದ ಹೊರಬರಲಾರದೆ ಇಟ್ಟಿಗೆಯ ಮೂಲಕವೇ ಬರುತ್ತದೆ, ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ. ಕಟ್ಟಡ ಉಳಿಸಲೆಂದು ಕೊಟ್ಟ ಹಣವೇ ಅದನ್ನು ಕೆಡಿಸಿದ ಹಾಗಾಯಿತು! ಆದ್ದರಿಂದ ಉಳಿದ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯಲು ಅವಕಾಶ ಕೊಡಿ ಎಂಬ ಬೇಡಿಕೆ ನನ್ನ ಪ್ರತಿ ಮನವಿಯಲ್ಲೂ ಇರುತ್ತದೆ.

ಕಾಯ್ದೆ ಬಂದರೆ ಹಣವೂ ಬಂತೆಂದು ಅನೇಕರು ನಂಬುತ್ತಾರೆ. ಅಮೆರಿಕದಲ್ಲಿ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆ ಬಂದದ್ದು 1966ರಲ್ಲಿ, ಅದಕ್ಕೊಂದು ಪ್ರತ್ಯೇಕ ನಿಧಿ ಸ್ಥಾಪನೆಯಾದದ್ದು 1976ರಲ್ಲಿ. ಕಡಲಿನ ತೈಲ ಗುತ್ತಿಗೆಯ ಆದಾಯದಿಂದ ವರ್ಷಕ್ಕೆ 15 ಕೋಟಿ ಡಾಲರ್‌ವರೆಗೆ ಆ ನಿಧಿಗೆ ಕೊಡಬಹುದೆಂದು ಮಿತಿ ಗೊತ್ತುಮಾಡಲಾಯಿತು. ಆದರೆ ಅದರಲ್ಲಿ ಎಷ್ಟು ಮಂಜೂರು ಎಂಬುದನ್ನು ಅಲ್ಲಿನ ಸಂಸತ್ತಾದ ಕಾಂಗ್ರೆಸ್ ವರ್ಷವರ್ಷವೂ ತೀರ್ಮಾನಿಸುತ್ತದೆ, ಬಹುಕಾಲ ಪೂರ್ತಿ ಮೊತ್ತ ಸಿಗಲೇ ಇಲ್ಲ. ಹಾಗಾಗಿ ಕಾಯ್ದೆಯ ದಿನ ಸಿಹಿ ಹಂಚಿದವರು ಬಜೆಟ್ ತಯಾರಿಯ ತಿಂಗಳುಗಳಲ್ಲಿ ಇನ್ನೂ ಹೆಚ್ಚು ಓಡಾಡಬೇಕು.

ತೆರಿಗೆಯ ವಿಷಯವನ್ನು ನಮ್ಮವರು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ಬ್ರಿಟನ್‌ನಲ್ಲಿ ಹೊಸ ಮನೆ ಕಟ್ಟಿದರೆ ವ್ಯಾಟ್ ಶೂನ್ಯ, ಇರುವ ಮನೆಯ ದುರಸ್ತಿಗೆ ಸಾಮಾನ್ಯವಾಗಿ ಶೇ. 20. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡಗಳ ಅನುಮೋದಿತ ಮಾರ್ಪಾಡಿಗೆ ಇದ್ದ ಶೂನ್ಯ ದರವನ್ನೂ 2012ರಲ್ಲಿ ತೆಗೆದರು. ಕೆಡವಿ ಕಟ್ಟುವುದಕ್ಕೆ ಸರ್ಕಾರವೇ ದಾರಿ ಸಲೀಸು ಮಾಡಿಕೊಟ್ಟಂತೆ ಇದು, ನನಗೆ ಒಪ್ಪಿಗೆಯಿಲ್ಲ. ಅಮೆರಿಕದಲ್ಲಿ ಆದಾಯ ತರುವ ಐತಿಹಾಸಿಕ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿಸಿದವರಿಗೆ ಅರ್ಹ ವೆಚ್ಚದ ಶೇ. 20ರಷ್ಟು ತೆರಿಗೆ ರಿಯಾಯಿತಿ ಸಿಗುತ್ತದೆ. ಮಾಲೀಕರು ಮೊದಲು ಖರ್ಚು ಮಾಡಿ ಕೆಲಸ ಮುಗಿಸಿದ ಮೇಲಷ್ಟೇ ರಿಯಾಯಿತಿ ಎಂದು ವಿವರಿಸಿದಾಗ ಆರ್ಥಿಕ ಇಲಾಖೆಯವರು ಕುರ್ಚಿ ಮುಂದಕ್ಕೆಳೆದು ಕೇಳಿದ್ದನ್ನು ನಾನು ನೋಡಿದ್ದೇನೆ.

ಭೇಟಿಗೆ ಹೋಗುವಾಗ ಒಂದೇ ಪುಟ ಒಯ್ಯಿರಿ: ಏನು ಬೇಕು, ಬಜೆಟ್‌ನ ಯಾವ ಲೆಕ್ಕಶೀರ್ಷಿಕೆಯಡಿ (ಯಾವ ಬಾಬ್ತಿನಿಂದ), ಈ ವರ್ಷ ಕೊಡದಿದ್ದರೆ ಮುಂದೆ ಎಷ್ಟು ಬೇಕಾಗುತ್ತದೆ. ಜೊತೆಗೆ ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ; ಅಧಿಕಾರಿಗಳ ಅನುಮಾನಗಳಿಗೆ ಅವರಷ್ಟು ನೇರವಾಗಿ ಉತ್ತರಿಸಲು ನಮ್ಮಿಂದಾಗದು. ಅನುದಾನ ಸಿಕ್ಕಿತೆಂದರೆ ಹಣ ಬಳಕೆ ಪ್ರಮಾಣಪತ್ರವನ್ನು ಇಲಾಖೆಯವರು ಕೇಳುವ ಮೊದಲೇ ಕಳುಹಿಸಿ, ಕೆಲಸಕ್ಕೆ ಮೊದಲು ಮತ್ತು ಕೆಲಸ ಮುಗಿದ ಮೇಲೆ ಒಂದೇ ಜಾಗದಿಂದ ತೆಗೆದ ಫೋಟೋಗಳನ್ನು ಅದಕ್ಕೆ ಲಗತ್ತಿಸಿ. ಮುಂದಿನ ವರ್ಷದ ಕಡತಕ್ಕೆ ಅದೇ ಮೊದಲ ಪುಟವಾಗುತ್ತದೆ.