ನೆಲಮಾಳಿಗೆಯಲ್ಲಿ ಹಳತಾದ ಶಾರ್ಡನೇ

ಬಿಳಿ ವೈನನ್ನು ಎಳತಾಗಿರುವಾಗಲೇ ಕುಡಿದು ಮುಗಿಸಬೇಕು, ವರ್ಷಗಟ್ಟಲೆ ಇಡುವುದೇನಿದ್ದರೂ ಕೆಂಪು ವೈನನ್ನು ಎಂಬ ಮಾತು ಬಹುಮಟ್ಟಿಗೆ ನಿಜ. ಕೆಂಪು ವೈನಿಗೆ ದ್ರಾಕ್ಷಿಯ ಸಿಪ್ಪೆಯಿಂದಲೂ ಬೀಜದಿಂದಲೂ ಇಳಿಯುವ, ಒಗರು ಕೊಡುವ ಟ್ಯಾನಿನ್ನಿನ ಕಾವಲಿರುತ್ತದೆ. ಸಿಪ್ಪೆಯ ಸಂಪರ್ಕವಿಲ್ಲದೆ ಬರಿಯ ರಸದಿಂದ ತಯಾರಾಗುವ ಬಿಳಿ ವೈನು ತನ್ನ ಹುಳಿಯನ್ನೂ, ಬಾಟಲಿಗೆ ತುಂಬುವಾಗ ಸೇರಿಸಿದ ಅಲ್ಪ ಪ್ರಮಾಣದ ಗಂಧಕದ ಡೈಆಕ್ಸೈಡನ್ನೂ ನಂಬಿ ಬದುಕಬೇಕು. ಹೀಗಿದ್ದರೂ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಒಳ್ಳೆಯ ಶಾರ್ಡನೇ, ಅಂದರೆ ಅದೇ ಹೆಸರಿನ ದ್ರಾಕ್ಷಿ ತಳಿಯ ಬಿಳಿ ವೈನು, ಇಪ್ಪತ್ತು ವರ್ಷ ಕಳೆದ ಮೇಲೂ ನಿಂತಿರುವುದುಂಟು. ಆ ನಿಲುವು ತಳಿಯ ಗುಣವೋ, ನೆಲದ ಗುಣವೋ, ಅಥವಾ ಬಿರಡೆಯ ಕೃಪೆಯೋ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿತ್ತು.

ಹಿರಿಯ ಸ್ನೇಹಿತರೊಬ್ಬರು ತಮ್ಮ ನೆಲಮಾಳಿಗೆಯ ಬಿಳಿ ವೈನುಗಳನ್ನು ವಿಂಗಡಿಸಲು ಕರೆದಾಗ ನಾನು ಒಪ್ಪಿಕೊಂಡದ್ದು ಈ ಪ್ರಶ್ನೆಯ ಸಲುವಾಗಿಯೇ. “ಯಾವುದನ್ನು ಇನ್ನೂ ಇಡಬಹುದು, ಯಾವುದು ಹೋಗಿಬಿಟ್ಟಿದೆ, ನೀವೇ ರುಚಿ ನೋಡಿ ಹೇಳಿ. ನನಗೆ ನನ್ನ ಬಾಟಲಿಗಳ ಮೇಲೆ ಮೋಹ ಜಾಸ್ತಿ” ಎಂದಿದ್ದರು. ಮಾಳಿಗೆಯ ಉಷ್ಣಾಂಶ 12 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿತ್ತು. ಗಾಳಿಯ ತೇವ ಶೇಕಡಾ 70ರಷ್ಟಿತ್ತು. ಬೆಳಕು ಬೀಳುತ್ತಿರಲಿಲ್ಲ, ಬಾಟಲಿಗಳೆಲ್ಲ ಅಡ್ಡಲಾಗಿ ಮಲಗಿದ್ದವು. ಅಂದರೆ ಅಲ್ಲಿ ಯಾವ ವೈನು ಕೆಟ್ಟಿದ್ದರೂ ಅದರ ಹೊಣೆಯನ್ನು ಕೋಣೆಯ ಮೇಲೆ ಹೊರಿಸುವಂತಿರಲಿಲ್ಲ.

ಬಿರಡೆ ತೆಗೆಯುವ ಮೊದಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಬಾಟಲಿಯ ಹಿಂದೆ ಬಿಳಿಯ ದೀಪ ಹಿಡಿದರೆ ಬಣ್ಣ ತಿಳಿಯುತ್ತದೆ, ಕತ್ತಿನಲ್ಲಿ ವೈನು ಎಷ್ಟು ಇಳಿದಿದೆ ಎಂಬುದೂ ಕಾಣುತ್ತದೆ. ಎಳೆಯ ಶಾರ್ಡನೇಯಲ್ಲಿ ತುಸು ಹಸಿರು ಬೆರೆತ ತಿಳಿ ಹಳದಿಯಿರುತ್ತದೆ. ಅದು ಕ್ರಮೇಣ ಹೊಂಬಣ್ಣಕ್ಕೆ ತಿರುಗುವುದು ಸಹಜ, ವಯಸ್ಸಿಗೆ ಮೀರಿ ಕಂದುಬಣ್ಣಕ್ಕೆ ಹೊರಳಿದರೆ ಮಾತ್ರ ಅನುಮಾನ ಪಡಬೇಕು. ಬಾಟಲಿಯ ಗಾಜೇ ಹಸಿರಾಗಿರುವುದರಿಂದ ಈ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ, ಆದರೆ ಒಂದೇ ಪೆಟ್ಟಿಗೆಯ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ತುಂಬ ಉಪಯೋಗಕ್ಕೆ ಬರುತ್ತದೆ. 2005ರ ಸುಗ್ಗಿಯ ಮರ್ಸೋ, ಅಂದರೆ ಬರ್ಗಂಡಿಯ ಆ ಹೆಸರಿನ ಊರಿನ ಶಾರ್ಡನೇ, ಇದ್ದ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಉಳಿದವುಗಳಿಗಿಂತ ಸ್ಪಷ್ಟವಾಗಿ ಗಾಢವಾಗಿತ್ತು. ಅದನ್ನೂ, ಅದರ ಪಕ್ಕದ ತಿಳಿಬಣ್ಣದ ಇನ್ನೊಂದನ್ನೂ ಹೊರಗೆ ತೆಗೆದೆವು.

ತಿಳಿಬಣ್ಣದ ಬಾಟಲಿಯನ್ನು ಮೊದಲು ತೆರೆದೆವು. ಮೂಗಿಗೆ ಹುರಿದ ಹೇಝಲ್‌ನಟ್ಟಿನ ವಾಸನೆ, ಜೇನುಮೇಣದ ಛಾಯೆ, ಬೆಣ್ಣೆ ಸವರಿ ಸುಟ್ಟ ಬ್ರೆಡ್ಡಿನ ಘಮ. ಗ್ಲಾಸಿನಲ್ಲಿ ಸ್ವಲ್ಪ ಹೊತ್ತು ಬಿಟ್ಟಾಗ ಅಣಬೆಯ ಒಂದು ಎಳೆಯೂ ಬಂತು. ಎಳೆಯ ವೈನಿನಲ್ಲಿ ಬೇರೆಯಾಗಿ ಎದ್ದು ಕಾಣುವ ಓಕ್ ಮರದ ವಾಸನೆ ಇಲ್ಲಿ ವೈನಿನೊಳಗೇ ಕರಗಿಹೋಗಿತ್ತು. ಬರ್ಗಂಡಿಯಲ್ಲಿ 228 ಲೀಟರಿನ ಓಕ್ ಪೀಪಾಯಿಯಲ್ಲಿ ಹುದುಗಿ, ಅಲ್ಲಿಯೇ ತನ್ನ ಈಸ್ಟಿನ ಗಸಿಯ ಮೇಲೆ ತಿಂಗಳುಗಟ್ಟಲೆ ನಿಂತ ವೈನು ಹಳತಾಗುವುದೆಂದರೆ ಮುಖ್ಯವಾಗಿ ಹೀಗೆ: ಹೊರಗಿನಿಂದ ಬಂದದ್ದೂ ಒಳಗಿನಿಂದ ಹುಟ್ಟಿದ್ದೂ ಬೇರೆಬೇರೆಯಾಗಿ ಗುರುತಿಸಲಾಗದಂತೆ ಕೂಡಿಕೊಳ್ಳುವುದು. ನಾಲಗೆಯ ಮೇಲೆ ಅದು ದಪ್ಪನಾಗಿಯೇ ಇತ್ತು, ಆದರೆ ಕೊನೆಯಲ್ಲಿ ಹುಳಿ ಎದ್ದುಬಂದು ಬಾಯಿಯನ್ನು ಶುಚಿಗೊಳಿಸುತ್ತಿತ್ತು.

ಗಾಢಬಣ್ಣದ ಬಾಟಲಿಯ ಕಥೆ ಬೇರೆ. ಗ್ಲಾಸಿಗೆ ಸುರಿಯುತ್ತಿದ್ದಂತೆಯೇ ಕತ್ತರಿಸಿಟ್ಟು ಕಂದಿದ ಸೇಬಿನ ವಾಸನೆ ಬಂತು, ಅದರ ಬೆನ್ನಿಗೇ ಮೆಂತ್ಯದ್ದು. ಇದು ಕಲ್ಪನೆಯಲ್ಲ: ಆಮ್ಲಜನಕದ ಹೊಡೆತಕ್ಕೆ ಸಿಕ್ಕ ಬಿಳಿ ವೈನಿನಲ್ಲಿ ಹುಟ್ಟುವ ಸೊಟೊಲಾನ್ ಎಂಬ ಸಂಯುಕ್ತವೇ ಮೆಂತ್ಯಕ್ಕೂ ಅದರ ವಾಸನೆಯನ್ನು ಕೊಡುವುದು. ಹಣ್ಣಿನ ರುಚಿ ಎಲ್ಲಿಯೂ ಉಳಿದಿರಲಿಲ್ಲ. ಹುಳಿ ಮಾತ್ರ ಒಂಟಿಯಾಗಿ ನಿಂತಿತ್ತು. ಒಂದೇ ತೋಟ, ಒಂದೇ ವರ್ಷ, ಒಂದೇ ಪೆಟ್ಟಿಗೆ, ಒಂದೇ ಕೋಣೆ. ನನ್ನ ಸ್ನೇಹಿತರು ಎರಡೂ ಬಿರಡೆಗಳನ್ನು ಮೇಜಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಒಂದರಲ್ಲಿ ತಳದ ಕಡೆ ಮಾತ್ರ ಒದ್ದೆಯಿತ್ತು, ಇನ್ನೊಂದರ ಪಕ್ಕದಲ್ಲಿ ವೈನು ಹರಿದ ಗೆರೆ ಅರ್ಧಕ್ಕೂ ಮೇಲೆ ಏರಿತ್ತು.

ಬರ್ಗಂಡಿಯ ಬಿಳಿ ವೈನುಗಳನ್ನು ಹಿಡಿದಿರುವ ಈ ಕಾಯಿಲೆ ಹೊಸದೇನಲ್ಲ. 1995 ಮತ್ತು 1996ರ ಸುಗ್ಗಿಯ ವೈನುಗಳು, ಅದರಲ್ಲಿಯೂ ಹೆಸರಾಂತ ತೋಟಗಳವು, ಹತ್ತು ವರ್ಷ ತುಂಬುವ ಮೊದಲೇ ಕಂದಿಹೋದಾಗ ಅಕಾಲ ಉತ್ಕರ್ಷಣ, ಅಂದರೆ ಆಮ್ಲಜನಕದ ಹೊಡೆತಕ್ಕೆ ಹೊತ್ತಿಗೆ ಮುಂಚೆಯೇ ಕೆಡುವುದು, ಎಂಬ ಮಾತು ವೈನು ಸಂಗ್ರಹಿಸುವವರ ನಡುವೆ ಹಬ್ಬಿತು. 1996ರದು ತೀಕ್ಷ್ಣ ಹುಳಿಯ ಸುಗ್ಗಿಯಾದ್ದರಿಂದ ಅದು ದಶಕಗಳ ಕಾಲ ಬಾಳುತ್ತದೆ ಎಂದೇ ಎಲ್ಲರೂ ನಂಬಿದ್ದರು. ಹುಳಿಯೊಂದಿದ್ದರೆ ಸಾಕು ಎಂಬ ನಂಬಿಕೆಗೆ ಬಿದ್ದ ಪೆಟ್ಟು ಅದು. ಕಾರಣವಾಗಿ ಹಲವನ್ನು ಹೇಳುತ್ತಾರೆ: ಬಿರಡೆಗಳ ಗುಣಮಟ್ಟದಲ್ಲಿನ ಏರುಪೇರು, ಗಂಧಕದ ಪ್ರಮಾಣವನ್ನು ಇಳಿಸಿದ್ದು, ಪೀಪಾಯಿಯೊಳಗಿನ ಗಸಿಯನ್ನು ಅತಿಯಾಗಿ ಕದಡಿದ್ದು, ದ್ರಾಕ್ಷಿಯನ್ನು ಮೆಲ್ಲಗೆ ಹಿಂಡುವ ಹೊಸ ಯಂತ್ರಗಳಿಂದಾಗಿ ರಸ ಅತಿ ಸ್ವಚ್ಛವಾಗಿ ಬರತೊಡಗಿದ್ದು. ಇವೆಲ್ಲವೂ ಸೇರಿಯೇ ವೈನಿನ ರಕ್ಷಣೆಯನ್ನು ತೆಳುವಾಗಿಸಿದವು, ಹಾಗೆ ತೆಳುವಾದದ್ದನ್ನು ಕೊನೆಗೆ ಭೇದಿಸುತ್ತಿದ್ದುದು ಬಿರಡೆ ಎಂಬುದು ನನ್ನ ಅಭಿಪ್ರಾಯ. ಒಂದೇ ಪೆಟ್ಟಿಗೆಯ ಬಾಟಲಿಗಳ ನಡುವಿನ ಇಷ್ಟು ದೊಡ್ಡ ಅಂತರವನ್ನು ಬೇರೆ ರೀತಿಯಲ್ಲಿ ವಿವರಿಸುವುದು ಕಷ್ಟ.

ಆ ಅಭಿಪ್ರಾಯಕ್ಕೆ ಪುಷ್ಟಿ ಕೊಟ್ಟದ್ದು ಆಸ್ಟ್ರೇಲಿಯದ ಮಾರ್ಗರೆಟ್ ರಿವರಿನ 2007ರ ಶಾರ್ಡನೇ. ಅದಕ್ಕೆ ತಿರುಪಿನ ಮುಚ್ಚಳವಿತ್ತು. ಅಂಥ ಮುಚ್ಚಳ ಕಂಡರೆ ಅಗ್ಗದ ವೈನು ಎಂದು ಮೂಗು ಮುರಿಯುವವರು ಈಗಲೂ ಇದ್ದಾರೆ. ತೆರೆದೊಡನೆ ಆಗಷ್ಟೇ ಗೀರಿದ ಬೆಂಕಿಕಡ್ಡಿಯಂಥ ವಾಸನೆ ಬಂದಾಗ ನನ್ನ ಸ್ನೇಹಿತರು ಮುಖ ಕಿವುಚಿ, “ಇದೂ ಹೋಯಿತೇ?” ಎಂದು ಕೇಳಿದರು. ಹೋಗಿರಲಿಲ್ಲ. ಅದು ಗಂಧಕದ ಸಂಯುಕ್ತಗಳ ವಾಸನೆ, ಆಮ್ಲಜನಕ ತೀರ ಕಡಿಮೆ ಸಿಕ್ಕ ವೈನಿನಲ್ಲಿ ಉಳಿದುಕೊಳ್ಳುವಂಥದ್ದು. ಅಗಲ ಬಾಯಿಯ ಪಾತ್ರೆಗೆ ಸುರಿದು ಅರ್ಧ ಗಂಟೆ ಬಿಟ್ಟ ಮೇಲೆ ಅದು ಬಹುಪಾಲು ಹಾರಿಹೋಗಿ ನಿಂಬೆ, ಪೀಚ್, ಗೋಡಂಬಿಯ ರುಚಿಗಳು ಮೇಲೆ ಬಂದವು. ಮರ್ಸೋವಿಗಿಂತ ಎರಡೇ ವರ್ಷ ಕಿರಿಯದಾದರೂ ಅದರ ಅರ್ಧ ವಯಸ್ಸಿನದರಂತೆ ತೋರಿತು. ಆದರೆ ಅಣಬೆ, ಜೇನುಮೇಣಗಳ ಆ ಆಳ ಅದರಲ್ಲಿರಲಿಲ್ಲ. ಸುರಕ್ಷಿತವಾಗಿ ಉಳಿಯುವುದೂ ಹಳತಾಗಿ ಪಕ್ವವಾಗುವುದೂ ಒಂದೇ ಅಲ್ಲವೆಂಬುದು ನನಗೆ ಆ ಎರಡು ಗ್ಲಾಸುಗಳ ನಡುವೆ ಮನದಟ್ಟಾಯಿತು.

2014ರ ಶಾಬ್ಲಿಯ, ಅಂದರೆ ಶಾಬ್ಲಿ ಎಂಬ ಊರಿನ ಶಾರ್ಡನೇಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬರ್ಗಂಡಿಯ ಉತ್ತರದ ತುದಿಯಲ್ಲಿ, ಪುಟ್ಟ ಸಿಂಪಿಗಳ ಪಳೆಯುಳಿಕೆ ತುಂಬಿದ ಸುಣ್ಣಕಲ್ಲು ಮಿಶ್ರಿತ ಮಣ್ಣಿನಲ್ಲಿ, ತಂಪು ಹವೆಯಲ್ಲಿ ಬೆಳೆದ ಆ ದ್ರಾಕ್ಷಿಯ ಹುಳಿ ಎಷ್ಟು ಗಟ್ಟಿಯಾಗಿತ್ತೆಂದರೆ ವೈನು ಇನ್ನೂ ಬಾಯಿ ಬಿಡಲೊಲ್ಲದು. ಬಾಟಲಿಯ ತಳದಲ್ಲಿ ಸಕ್ಕರೆಯಂಥ ಹರಳುಗಳಿದ್ದವು. ಅವು ಟಾರ್ಟಾರಿಕ್ ಆಮ್ಲದ ಲವಣ. ಗಾಜಿನ ಚೂರೆಂದು ಹೆದರಿ ಅಂಥ ಬಾಟಲಿಯನ್ನು ಚೆಲ್ಲಿದವರನ್ನು ನಾನು ಬಲ್ಲೆ.

ಎಲ್ಲ ಬಾಟಲಿಗಳಲ್ಲಿಯೂ ಒಂದಿಷ್ಟು ಉಳಿಸಿ, ಮುಚ್ಚಿ, ಮಾಳಿಗೆಯಲ್ಲೇ ಇಟ್ಟು ಮರುದಿನ ಬೆಳಿಗ್ಗೆ ಮತ್ತೆ ರುಚಿ ನೋಡಿದೆವು. ಬಾಟಲಿಯ ಮುಂದಿನ ಆಯುಷ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಶಾಬ್ಲಿ ಹಿಂದಿನ ದಿನಕ್ಕಿಂತ ಚೆನ್ನಾಗಿತ್ತು, ಆಸ್ಟ್ರೇಲಿಯದ್ದು ಹಾಗೆಯೇ ಇತ್ತು. ಸಂಜೆ ಅಷ್ಟು ಸೊಗಸಾಗಿದ್ದ ಮರ್ಸೋ ಮಾತ್ರ ಬಾಡಿತ್ತು. ಅಂದರೆ ಅದು ತನ್ನ ಶಿಖರದಲ್ಲಿತ್ತು, ಅಲ್ಲಿಂದ ಮುಂದಕ್ಕೆ ಇಳಿಜಾರು. ಸ್ನೇಹಿತರು ಆ ಪೆಟ್ಟಿಗೆಯನ್ನು ಕೆಳಗಿನ ಸಾಲಿನಿಂದ ಎತ್ತಿ ಬಾಗಿಲ ಬಳಿಯ ಕಪಾಟಿಗೆ ತಂದರು, ಅದನ್ನು ಆ ವರ್ಷವೇ ಮುಗಿಸುವುದೆಂದೂ, ಪ್ರತಿ ಬಾರಿ ತೆರೆಯುವಾಗ ಕೆಟ್ಟಿದ್ದರೆ ಎಂದು ಪಕ್ಕದಲ್ಲಿ ಇನ್ನೊಂದು ಬಾಟಲಿ ತಣ್ಣಗಿಟ್ಟಿರುವುದೆಂದೂ ತೀರ್ಮಾನವಾಯಿತು. ಶಾಬ್ಲಿಯ ಮೇಲೆ ಕನಿಷ್ಠ ಐದು ವರ್ಷ ಮುಟ್ಟಬಾರದೆಂದು ಚೀಟಿ ಅಂಟಿಸಿದರು.