ಹಾಡುವವರಿಗೆ ರಾಜಕೀಯ ಏಕೆ ಎಂದು ಕೇಳುವವರಿಗೆ

ಇಪ್ಪತ್ತು ವರ್ಷಗಳಿಂದ ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಸುಗಮ ಸಂಗೀತ ಹಾಡುತ್ತಿದ್ದೇನೆ. ಕಾರ್ಯಕ್ರಮ ಮುಗಿದು ಹಾರ್ಮೋನಿಯಂ ಕಟ್ಟುವ ಹೊತ್ತಿಗೆ ಯಾರಾದರೊಬ್ಬರು ಬಂದು ಕೇಳಿಯೇ ಕೇಳುತ್ತಾರೆ: “ಹಾಡುವವರಿಗೆ ರಾಜಕೀಯ ಏಕೆ ಸ್ವಾಮಿ?” ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಮಾತನಾಡಬೇಕು. ಮಾತನಾಡುತ್ತೇನೆ.

ನನಗೆ ಸಿಟ್ಟು ಬರುವುದು ಆ ‘ಹಾಡುವವರಿಗೆ’ ಎಂಬ ಪದಕ್ಕೆ. ಗೊಬ್ಬರದ ಅಂಗಡಿಯವರನ್ನು, ವಕೀಲರನ್ನು ಯಾರೂ ಹೀಗೆ ಕೇಳುವುದಿಲ್ಲ. ಅದೂ ಯಾವ ಊರಿನಲ್ಲಿ? ಅಂಬರೀಶ್ ಅವರನ್ನು 1998, 1999, 2004ರಲ್ಲಿ ಲೋಕಸಭೆಗೆ ಕಳಿಸಿದ, 2019ರಲ್ಲಿ ಸುಮಲತಾ ಅವರನ್ನು ಪಕ್ಷೇತರರಾಗಿ ಗೆಲ್ಲಿಸಿದ ಜಿಲ್ಲೆಯಲ್ಲಿ! 1982ರಲ್ಲಿ ಗೋಕಾಕ್ ವರದಿಯ ಜಾರಿಗಾಗಿ ರಾಜ್‌ಕುಮಾರ್ ಬೀದಿಗಿಳಿದದ್ದನ್ನು ಇಂದಿಗೂ ಎದೆಯುಬ್ಬಿಸಿ ಹೇಳುತ್ತೇವೆ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದು ಸರ್ಕಾರವನ್ನು ಕೇಳುವುದು ರಾಜಕೀಯವಲ್ಲದೆ ಮತ್ತೇನು? 2023ರಲ್ಲಿ ತಮಿಳುನಾಡಿಗೆ ಕಾವೇರಿ ನೀರು ಹರಿಸುವಾಗ, “ಸಿನಿಮಾದವರು ಎಲ್ಲಿ ಹೋದರು?” ಎಂದು ಬೈದವರೂ ನಮ್ಮವರೇ. ನಮ್ಮ ಪರವಾಗಿ ಬಾಯಿ ತೆರೆದರೆ ಅಭಿಮಾನ, ನಮ್ಮವರನ್ನೇ ಪ್ರಶ್ನಿಸಿದರೆ ಅಧಿಕಪ್ರಸಂಗ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಗಣೇಶೋತ್ಸವ. ಎರಡು ಹಾಡುಗಳ ನಡುವೆ ನಾನು ಹೇಳಿದ್ದು ಇಷ್ಟೇ: “ಕಾರ್ಖಾನೆಗೆ ಕಬ್ಬು ಹಾಕಿ ತಿಂಗಳುಗಟ್ಟಲೆ ಕಾದವರು ಇಲ್ಲೇ ಕುಳಿತಿದ್ದಾರೆ. ಅವರ ಬಾಕಿ ಯಾವಾಗ ಕೊಡಿಸುತ್ತೀರಿ?” ವೇದಿಕೆಯ ಮೇಲಿದ್ದ ಮುಖಂಡರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮೈಕ್ ಸತ್ತಿತು. ತಿರುಗಿ ನೋಡಿದರೆ ಆಯೋಜಕರು ಆಂಪ್ಲಿಫೈಯರ್ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತಿದ್ದರು, ಕಿತ್ತ ವೈರಿನ ತುದಿ ಕೈಯಲ್ಲೇ ಇತ್ತು. ಆಮೇಲೆ ಅವರೇ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕಿವಿಯ ಹತ್ತಿರ ಬಾಗಿ, “ಇಷ್ಟು ಒಳ್ಳೆಯ ಕಂಠ ಇದೆ ಅಣ್ಣ, ಹಾಡಿಕೊಂಡು ಇರಬಾರದೇ?” ಎಂದರು. ಮರುವರ್ಷ ಕರೆ ಬರಲಿಲ್ಲ.

ಆದರೆ ಚುನಾವಣೆಗೆ ಬಂತು! ಅಭ್ಯರ್ಥಿಯ ಗುಣಗಾನದ ಹಾಡುಗಳಿಗೆ ಅದೇ ಆಯೋಜಕರು ಫೋನ್ ಮಾಡಿದರು. ಆಗ ಮಾತ್ರ ಹಾಡುವವರಿಗೆ ರಾಜಕೀಯ ಏಕೆ ಎಂದು ಯಾರೂ ಕೇಳಲಿಲ್ಲ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಯಾವ ಮಾತನ್ನು ಹೇಳದೆ ಬಿಟ್ಟೆ? ಕೇಳಿದ್ದರೆ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೆ.

ಆ ಕರೆಗೆ ನಾನು ಒಪ್ಪಿಕೊಂಡೆ. ಮಗಳ ಕಾಲೇಜಿನ ಶುಲ್ಕ ಕಟ್ಟಲು ಒಂದು ವಾರ ಉಳಿದಿತ್ತು. ಎರಡು ದಿನ ತೆರೆದ ಜೀಪಿನಲ್ಲಿ ನಿಂತು ಹಾಡಿದೆ. ಮಳವಳ್ಳಿ ಕಡೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಒಂದು ಊರಿನಲ್ಲಿ, ಹೆಗಲ ಮೇಲೆ ಟವೆಲ್ ಹಾಕಿದ್ದ ಹಿರಿಯರೊಬ್ಬರು ಜೀಪಿನ ಜೊತೆಜೊತೆಗೇ ನಡೆದು ಬಂದರು. ನನ್ನ ಹಾಡು ಅವರಿಗೆ ಗೊತ್ತಿತ್ತು. ಹೆಸರು ಹಿಡಿದು ಕರೆದರು. “ನೀವಾದರೂ ನೀರಿನ ವಿಷಯ ಕೇಳಿ ಸ್ವಾಮಿ, ನಿಮ್ಮ ಕೈಯಲ್ಲಿ ಮೈಕ್ ಇದೆ” ಎಂದರು. ಅವರು ಕೈ ತೋರಿಸಿದ ಕಡೆ ಉಪನಾಲೆಯ ತಳದಲ್ಲಿ ಮಣ್ಣು ಬಿರುಕು ಬಿಟ್ಟಿತ್ತು. ಅಭ್ಯರ್ಥಿ ನನ್ನ ಪಕ್ಕದಲ್ಲೇ ಕೈಮುಗಿದು ನಿಂತಿದ್ದರು.

ನಾನು ಮುಂದಿನ ಚರಣ ಎತ್ತಿಕೊಂಡೆ.