25ನೇ ನಂಬರ್ ಹುಡುಗ

ನಂಗೆ ಬೇಸ್‌ಬಾಲ್ ಹುಚ್ಚು ಹತ್ತಿಸಿದ್ದು ಮೈಕ್ ಟ್ರೌಟ್. ನ್ಯೂಜೆರ್ಸಿಯ ಮಿಲ್‌ವಿಲ್ ಅನ್ನೋ ಸಣ್ಣ ಊರಿನವ, 2009ರ ಡ್ರಾಫ್ಟ್ ದಿನ (ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನ ಆರಿಸ್ಕೊಳ್ಳೋ ದಿನ) ಟಿವಿ ಸ್ಟುಡಿಯೋಗೆ ಬಂದು ಕೂತಿದ್ದ ಆಟಗಾರ ಇವನೊಬ್ನೇ, ಒಂದೊಂದೇ ಹೆಸರು ಕೂಗ್ತಾ ಹೋದ್ರು, ಇವನ್ದು ಮಾತ್ರ ಬರ್ತಿಲ್ಲ, ಪಾಪ! ಕೊನೆಗೆ 25ನೇದಾಗಿ ಏಂಜಲ್ಸ್ ತಂಡದವ್ರು ತಗೊಂಡ್ರು, ಅವರೂ 24ನೇದಕ್ಕೆ ಬೇರೆ ಹುಡುಗನ್ನ ಕರೆದು ಆಮೇಲೆ ಇವನ್ನ ಕರೆದದ್ದು.

ಕೆಳಗಿನ ಹಂತದ ಮೈನರ್ ಲೀಗಲ್ಲಿ ಜಾಸ್ತಿ ದಿನ ಇರ್ಲಿಲ್ಲ. 2011ರ ಜುಲೈನಲ್ಲಿ, 19 ವರ್ಷಕ್ಕೇ ಮೇಜರ್ ಲೀಗ್, ಅಂದ್ರೆ ಅಲ್ಲಿನ ಟಾಪ್ ಲೀಗ್. ಆದ್ರೆ ಆ ವರ್ಷ 40 ಮ್ಯಾಚಲ್ಲಿ ಬ್ಯಾಟಿಂಗ್ ಆವರೇಜ್ ಬರೀ .220 (ನೂರು ಸಲ ಬ್ಯಾಟ್ ಮಾಡಿದ್ರೆ 22 ಹಿಟ್), ಮುಂದಿನ ಸೀಸನ್ ಶುರುವಾದಾಗ ಮತ್ತೆ ಮೈನರ್ಸಲ್ಲೇ ಇದ್ದ, ಏಪ್ರಿಲ್ ಕೊನೇಲಿ ಕರೆಸ್ಕೊಂಡ್ರು ನೋಡಿ, 30 ಹೋಮ್‌ರನ್ (ನಮ್ಮ ಸಿಕ್ಸ್ ಥರ) ಹೊಡೆದ, 49 ಬೇಸ್ ಕದ್ದ (ಪಿಚರ್ ಬಾಲ್ ಎಸೆಯೋ ಹೊತ್ತಲ್ಲಿ ಮುಂದಿನ ಬೇಸ್‌ಗೆ ಓಡಿ ಸೇರೋದು), ಹೊಸಬರಿಗೆ ಕೊಡೋ ರೂಕಿ ಅವಾರ್ಡ್ ಒಂದು ವೋಟೂ ಬಿಡದೆ ಬಾಚ್ಕೊಂಡ.

ನಾನು ಮತ್ತೆ ಮತ್ತೆ ನೋಡೋದು ಮಾತ್ರ ಆ ವರ್ಷ ಜೂನಲ್ಲಿ ಬಾಲ್ಟಿಮೋರ್‌ನಲ್ಲಿ ಹಿಡಿದ ಕ್ಯಾಚು. ಎದುರಾಳಿ ತಂಡದ ಹಾರ್ಡಿ ಹೊಡೆದ ಬಾಲು ಸೆಂಟರ್‌ಫೀಲ್ಡ್ ಗೋಡೆ ದಾಟೇಹೋಯ್ತು ಅನ್ನೋವಾಗ ಇವನು ಓಡಿಬಂದು ನೆಗೆದು, ಗೋಡೆ ಆಚೆ ಕೈ ಚಾಚಿ ಹಿಡಿದ. ನಮ್ಮ ಕ್ರಿಕೆಟ್ಟಲ್ಲಿ ಹಗ್ಗ ತಾಗಿದ್ರೇ ಸಿಕ್ಸು, ಅಲ್ಲಿ ಗೋಡೆಗೆ ಒರಗ್ಕೊಂಡೂ ಹಿಡೀಬೋದು, ಅದಕ್ಕೇ ಇರ್ಬೇಕು ನಂಗೆ ಹೊಟ್ಟೆಕಿಚ್ಚು.